ಚೆಂಡು ಯಾರ ಕೈಗೆ? ಮಿಶಿಗನ್ ತಂಡದ ರನ್ನಿಂಗ್ ಬ್ಯಾಕ್‌ಗಳನ್ನು ತೂಗಿ ನೋಡುವ ಬಗೆ

2022ರ ನವೆಂಬರ್ 26ರಂದು ಕೊಲಂಬಸ್‌ನಲ್ಲಿ ಒಹಾಯೊ ಸ್ಟೇಟ್ ವಿರುದ್ಧದ ಕಾಲೇಜು ಅಮೆರಿಕನ್ ಫುಟ್‌ಬಾಲ್ ಪಂದ್ಯದಲ್ಲಿ ಮಿಶಿಗನ್‌ನ ರನ್ನಿಂಗ್ ಬ್ಯಾಕ್ (ಚೆಂಡು ಹಿಡಿದು ಓಡುವ ಆಟಗಾರ) ಡಾನವನ್ ಎಡ್ವರ್ಡ್ಸ್ 22 ಸಲ ಚೆಂಡು ಹಿಡಿದು ಓಡಿ 216 ಯಾರ್ಡ್ ಗಳಿಸಿದರು. ಓಟವೊಂದಕ್ಕೆ ಸರಾಸರಿ 9.8. ಇದರಲ್ಲಿ ಎರಡು ಓಟಗಳನ್ನು ಪಕ್ಕಕ್ಕಿಡಿ: ಒಂದು 75 ಯಾರ್ಡ್, ಇನ್ನೊಂದು 85, ಎರಡೂ ನಾಲ್ಕನೇ ಕ್ವಾರ್ಟರ್‌ನಲ್ಲಿ. ಉಳಿದ 20 ಓಟಗಳಿಗೆ ಸಿಕ್ಕಿದ್ದು 56 ಯಾರ್ಡ್. ಓಟಕ್ಕೆ ಮೂರೂ ಬೀಳಲಿಲ್ಲ.

ಆ ಪಂದ್ಯ 45-23ರಲ್ಲಿ ಮಿಶಿಗನ್‌ಗೆ ಸಿಕ್ಕಿತು, ಗೆಲುವನ್ನು ಗಟ್ಟಿ ಮಾಡಿದ್ದು ಆ ಎರಡು ಓಟಗಳೇ. ಹಾಗಾಗಿ ಎಡ್ವರ್ಡ್ಸ್ ಅವತ್ತು ಚೆನ್ನಾಗಿ ಆಡಲಿಲ್ಲ ಎಂದರೆ ತಪ್ಪಾಗುತ್ತದೆ. ಆದರೆ ಮೂರನೇ ಡೌನ್ (ಹತ್ತು ಯಾರ್ಡ್ ದಾಟಲು ಸಿಗುವ ನಾಲ್ಕು ಅವಕಾಶಗಳಲ್ಲಿ ಮೂರನೆಯದು), ಎರಡು ಯಾರ್ಡ್ ಬಾಕಿ, ಈಗ ಚೆಂಡು ಯಾರಿಗೆ ಕೊಡೋಣ ಎಂಬ ಪ್ರಶ್ನೆಗೆ 9.8 ಎಂಬ ಅಂಕಿ ಉತ್ತರ ಹೇಳುವುದಿಲ್ಲ. ಡೆಟ್ರಾಯಿಟ್ ಸುತ್ತಲಿನ ಟ್ರಾಯ್, ನೋವೈ, ಕ್ಯಾಂಟನ್ ಕಡೆಯ ಕನ್ನಡ ಮನೆಗಳಲ್ಲಿ ಶನಿವಾರ ಟಿವಿ ಮುಂದೆ ನಡೆಯುವ ವಾದಕ್ಕೂ ಇದೇ ಮೂಲ. ಒಬ್ಬರು ಅತಿ ಉದ್ದದ ಓಟ ನೆನಪಿಟ್ಟುಕೊಂಡು ಮಾತಾಡುತ್ತಾರೆ, ಇನ್ನೊಬ್ಬರು ಅತಿ ಕೆಟ್ಟ ಓಟ. ಆಯ್ಕೆ ಮಾಡುವಾಗ ಎರಡನೆಯವರ ಮಾತಿಗೇ ತೂಕ ಜಾಸ್ತಿ.

ಮಿಶಿಗನ್ ವಿಶ್ವವಿದ್ಯಾಲಯದ ತಂಡವನ್ನು ಇಲ್ಲಿ ಆರಿಸಿಕೊಳ್ಳಲು ಕಾರಣವಿದೆ. 2021ರಿಂದ 2024ರ ತನಕ ಅದು ನೆಲದ ಆಟವನ್ನೇ ನಂಬಿದ ತಂಡ. ಆ ನಾಲ್ಕು ವರ್ಷಗಳಲ್ಲಿ ಒಂದೇ ಸಮವಸ್ತ್ರದಲ್ಲಿ ನಾಲ್ಕು ಬಗೆಯ ಓಟಗಾರರು ಸಿಗುತ್ತಾರೆ: ಹಸ್ಸನ್ ಹ್ಯಾಸ್ಕಿನ್ಸ್, ಬ್ಲೇಕ್ ಕೋರಮ್, ಡಾನವನ್ ಎಡ್ವರ್ಡ್ಸ್, ಕಾಲೆಲ್ ಮಲ್ಲಿಂಗ್ಸ್. ಬೇರೆ ಬೇರೆ ತಂಡದವರನ್ನು ಹೋಲಿಸುವಾಗ ಮುಂದಿನ ಸಾಲಿನ (ಓಟಗಾರನಿಗೆ ದಾರಿ ಮಾಡಿಕೊಡುವ ಲೈನ್‌ಮನ್‌ಗಳ) ಬಲ, ಎದುರಾಳಿಯ ಮಟ್ಟ ಎಲ್ಲ ಅಡ್ಡ ಬರುತ್ತವೆ. ಒಂದೇ ತಂಡವಾದರೆ ಆ ಗೊಂದಲ ಅರ್ಧ ಕಡಿಮೆ.

ಸರಾಸರಿ ಎಲ್ಲಿ ಮೋಸ ಮಾಡುತ್ತದೆ

ನಾಲ್ಕು ಡೌನ್, ಹತ್ತು ಯಾರ್ಡ್. ಹತ್ತು ದಾಟಿದರೆ ಹೊಸ ಫಸ್ಟ್ ಡೌನ್, ಅಂದರೆ ಮತ್ತೆ ನಾಲ್ಕು ಅವಕಾಶ. ಅಮೆರಿಕನ್ ಫುಟ್‌ಬಾಲ್‌ನ ಓಟದ ಲೆಕ್ಕವೆಲ್ಲ ಇದರೊಳಗೇ ನಡೆಯುತ್ತದೆ. ಇಬ್ಬರು ಓಟಗಾರರನ್ನು ಊಹಿಸಿಕೊಳ್ಳಿ. ಮೊದಲನೆಯವನ ಆರು ಓಟ: 4, 3, 5, 3, 4, 5. ಎರಡನೆಯವನದು: 0, 1, ಮೈನಸ್ 2, 25, 0, 0. ಇಬ್ಬರದೂ ಒಟ್ಟು 24, ಸರಾಸರಿ 4. ಮೊದಲನೆಯವನು ಎರಡು ಸಲ ಹೊಸ ಫಸ್ಟ್ ಡೌನ್ ತಂದುಕೊಟ್ಟ. ಎರಡನೆಯವನ ತಂಡ ಮೂರು ಓಟದ ನಂತರ ನಾಲ್ಕನೇ ಡೌನ್, ಹನ್ನೊಂದು ಯಾರ್ಡ್ ಬಾಕಿ ಎಂಬಲ್ಲಿ ನಿಂತಿದೆ. ಆ 25 ಬರುವ ಮೊದಲೇ ಚೆಂಡನ್ನು ಒದ್ದು ಎದುರಾಳಿಗೆ ಕೊಟ್ಟಾಗಿರುತ್ತದೆ.

ಅದಕ್ಕೇ ಪ್ರತಿ ಓಟವನ್ನೂ ಗೆದ್ದಿತೋ ಸೋತಿತೋ ಎಂದು ಬೇರೆ ಬೇರೆಯಾಗಿ ಗುರುತಿಸಬೇಕು. ಕಾಲೇಜು ಆಟದಲ್ಲಿ ಚಾಲ್ತಿಯಲ್ಲಿರುವ ಅಳತೆ ಹೀಗಿದೆ: ಮೊದಲ ಡೌನ್‌ನಲ್ಲಿ ಬೇಕಾದುದರ ಅರ್ಧ, ಅಂದರೆ ಹತ್ತಕ್ಕೆ ಐದು ಸಿಕ್ಕರೆ ಗೆಲುವು. ಎರಡನೇ ಡೌನ್‌ನಲ್ಲಿ ಬಾಕಿಯ ಶೇ 70. ಮೂರು, ನಾಲ್ಕನೇ ಡೌನ್‌ಗಳಲ್ಲಿ ಪೂರ್ತಿ ಬೇಕು, ಒಂದಿಂಚು ಕಡಿಮೆಯಾದರೂ ಸೋಲು. ಈ ಲೆಕ್ಕದಲ್ಲಿ ಮೂರನೇ ಡೌನ್, ಒಂದು ಯಾರ್ಡ್ ಬಾಕಿ ಇದ್ದಾಗಿನ ಎರಡು ಯಾರ್ಡ್ ಓಟ ಗೆಲುವು. ಮೊದಲ ಡೌನ್‌ನ ನಾಲ್ಕು ಯಾರ್ಡ್ ಸೋಲು. ಸರಾಸರಿ ನೋಡುವವರಿಗೆ ಇದು ತಲೆಕೆಳಗಾಗಿ ಕಾಣುತ್ತದೆ.

ಅಂಕಿ ಓದುವಾಗ ಇನ್ನೂ ಎರಡು ಕಡೆ ಎಡವುವುದುಂಟು. ಕಾಲೇಜು ಲೆಕ್ಕದಲ್ಲಿ ಕ್ವಾರ್ಟರ್‌ಬ್ಯಾಕ್ (ಆಟ ನಡೆಸಿ ಪಾಸ್ ಎಸೆಯುವವನು) ಸ್ಯಾಕ್ ಆದಾಗ, ಅಂದರೆ ಎಸೆಯುವ ಮೊದಲೇ ಹಿಂದೆ ಸಿಕ್ಕಿಬಿದ್ದಾಗ, ಹೋದ ಯಾರ್ಡ್‌ಗಳನ್ನು ತಂಡದ ಓಟದಿಂದಲೇ ಕಳೆಯುತ್ತಾರೆ. ವೃತ್ತಿಪರ ಲೀಗ್‌ನಲ್ಲಿ ಹಾಗಿಲ್ಲ. ಆದ್ದರಿಂದ ತಂಡದ ಒಟ್ಟು ಓಟ ನೋಡಿ ರನ್ನಿಂಗ್ ಬ್ಯಾಕ್ ಹೇಗೆ ಎಂದು ಹೇಳಲು ಹೋಗಬೇಡಿ. ಎರಡನೆಯದು, 2023ರಿಂದ ಫಸ್ಟ್ ಡೌನ್ ಆದಾಗಲೆಲ್ಲ ಗಡಿಯಾರ ನಿಲ್ಲಿಸುವುದನ್ನು ಬಿಟ್ಟರು. ಈಗ ಪ್ರತಿ ಅರ್ಧದ ಕೊನೆಯ ಎರಡು ನಿಮಿಷದಲ್ಲಿ ಮಾತ್ರ ನಿಲ್ಲುತ್ತದೆ. ಪಂದ್ಯಕ್ಕೆ ಸಿಗುವ ಪ್ಲೇಗಳೇ (ಒಂದೊಂದು ಸಲದ ಆಟ) ಕಡಿಮೆಯಾದವು, ಹಾಗಾಗಿ 2022ರ ಪಂದ್ಯವಾರು ಯಾರ್ಡ್‌ಗಳನ್ನು 2023ರದ್ದಕ್ಕೆ ನೇರವಾಗಿ ಇಟ್ಟು ನೋಡಬಾರದು.

ಹಳಬರ ಜೊತೆ ಹೋಲಿಸುವವರಿಗೆ ಒಂದು ಮಾತು. 2002ಕ್ಕಿಂತ ಮೊದಲು ಬೌಲ್ ಪಂದ್ಯಗಳ (ಋತುವಿನ ಕೊನೆಯ ವಿಶೇಷ ಪಂದ್ಯಗಳ) ಅಂಕಿ ಅಧಿಕೃತ ಲೆಕ್ಕಕ್ಕೆ ಸೇರುತ್ತಿರಲಿಲ್ಲ. ವಿಸ್ಕಾನ್ಸಿನ್‌ನ ರಾನ್ ಡೇನ್ ಅವರ ಹೆಸರಿನಲ್ಲಿ 6,397 ಯಾರ್ಡ್ ಎಂದೂ 7,125 ಎಂದೂ ಎರಡು ಸಂಖ್ಯೆ ಓಡಾಡುವುದು ಅದಕ್ಕೇ. 2016ರಲ್ಲಿ ಸ್ಯಾನ್ ಡಿಯೇಗೊ ಸ್ಟೇಟ್‌ನ ಡಾನೆಲ್ ಪಂಫ್ರಿ 6,405ಕ್ಕೆ ತಲುಪಿ ದಾಖಲೆ ಮುರಿದದ್ದೂ ಆ ಅಧಿಕೃತ ಲೆಕ್ಕದಲ್ಲೇ.

ನಾಲ್ವರು, ನಾಲ್ಕು ಮೈಕಟ್ಟು

ಹ್ಯಾಸ್ಕಿನ್ಸ್: 6 ಅಡಿ 1 ಅಂಗುಲ, 220 ಪೌಂಡ್ ಆಸುಪಾಸು. 2021ರಲ್ಲಿ 270 ಓಟ, 1,327 ಯಾರ್ಡ್, 20 ಟಚ್‌ಡೌನ್ (ಚೆಂಡು ಹಿಡಿದು ಗೋಲ್ ಗೆರೆ ದಾಟುವುದು). ಸರಾಸರಿ 4.9.

ಕೋರಮ್: 5 ಅಡಿ 8 ಅಂಗುಲ, 210 ಪೌಂಡ್ ಆಸುಪಾಸು. 2021ರಲ್ಲಿ 144 ಓಟಕ್ಕೆ 952. 2022ರಲ್ಲಿ 247ಕ್ಕೆ 1,463, 18 ಟಚ್‌ಡೌನ್. 2023ರಲ್ಲಿ 258ಕ್ಕೆ 1,245, 27 ಟಚ್‌ಡೌನ್.

ಎಡ್ವರ್ಡ್ಸ್: ಸುಮಾರು ಆರಡಿ ಎತ್ತರ, 200 ಪೌಂಡ್ ಆಸುಪಾಸು. 2022ರಲ್ಲಿ 140 ಓಟಕ್ಕೆ 991. 2023ರಲ್ಲಿ 119ಕ್ಕೆ 497.

ಮಲ್ಲಿಂಗ್ಸ್: 6 ಅಡಿ 2 ಅಂಗುಲ, 230 ಪೌಂಡ್ ಆಸುಪಾಸು. ಲೈನ್‌ಬ್ಯಾಕರ್ (ರಕ್ಷಣೆಯ ಮೊದಲ ಸಾಲಿನ ಹಿಂದೆ ನಿಂತು ಓಟ ತಡೆಯುವವನು) ಆಗಿ ಬಂದು ಓಟಗಾರನಾದವರು. 2024ರಲ್ಲಿ 948 ಯಾರ್ಡ್, 12 ಟಚ್‌ಡೌನ್.

2022 ಮತ್ತು 2023ರ ನಡುವೆ ಏನಾಯಿತು ಎಂಬುದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಕೋರಮ್ ಸರಾಸರಿ 5.9ರಿಂದ 4.8ಕ್ಕೆ ಇಳಿಯಿತು, ಎಡ್ವರ್ಡ್ಸ್‌ರದು 7.1ರಿಂದ 4.2ಕ್ಕೆ. ಇಬ್ಬರದೂ ಇಳಿಯಿತು ಎಂದ ಮೇಲೆ ತಪ್ಪು ಓಟಗಾರರದ್ದು ಮಾತ್ರ ಇರಲಾರದು. ಮುಂದಿನ ಸಾಲು 2021, 2022 ಎರಡೂ ವರ್ಷ ದೇಶದ ಅತ್ಯುತ್ತಮ ಸಾಲು ಎಂದು ಜೋ ಮೂರ್ ಪ್ರಶಸ್ತಿ ಪಡೆದಿತ್ತು, 2023ರಲ್ಲಿ ಆ ಪ್ರಶಸ್ತಿ ವಾಷಿಂಗ್ಟನ್‌ಗೆ ಹೋಯಿತು. ಕೋರಮ್ ಮೊಣಕಾಲಿನ ಗಾಯದಿಂದ ಎದ್ದು ಬಂದಿದ್ದರು ಕೂಡ. ಆದರೂ ಒಬ್ಬರದು 1.1 ಇಳಿದಾಗ ಇನ್ನೊಬ್ಬರದು 2.9 ಇಳಿದದ್ದು ಯಾಕೆ? ಸಾಲು ದಾರಿ ಬಿಡಿಸಿಕೊಟ್ಟಾಗ ಇಬ್ಬರೂ ಓಡುತ್ತಾರೆ. ದಾರಿ ಅರ್ಧ ಮಾತ್ರ ತೆರೆದಾಗ ಮೂರು ಯಾರ್ಡ್ ಕಿತ್ತುಕೊಳ್ಳುವುದು ಕೋರಮ್‌ಗೆ ಬರುತ್ತಿತ್ತು, ಎಡ್ವರ್ಡ್ಸ್‌ಗೆ ಅಷ್ಟಾಗಿ ಬರುತ್ತಿರಲಿಲ್ಲ.

ಎಡ್ವರ್ಡ್ಸ್‌ಗೆ ಅನ್ಯಾಯವಾಗಬಾರದು. 2022ರ ಲೆಕ್ಕದಿಂದ ಕೊಲಂಬಸ್‌ನ ಆ 160 ಯಾರ್ಡ್ ಕಳೆದರೂ 138 ಓಟಕ್ಕೆ 831 ಉಳಿಯುತ್ತದೆ, ಓಟಕ್ಕೆ 6. ಇದು ಲಾಟರಿ ಹೊಡೆದವನ ಅಂಕಿಯಲ್ಲ.

ಯಾವ ಪ್ಲೇ, ಯಾವ ಕಾಲು

ಓಟಗಾರನನ್ನು ಒಬ್ಬನೇ ನಿಲ್ಲಿಸಿ ಅಳೆಯುವುದು ಹೋಲಿಕೆಯಲ್ಲಿ ಆಗುವ ದೊಡ್ಡ ತಪ್ಪು. ಆತ ಯಾವ ಬಗೆಯ ಪ್ಲೇಯಲ್ಲಿ ಓಡುತ್ತಿದ್ದಾನೆ ಎಂಬುದರ ಮೇಲೆ ಬೇಕಾದ ಗುಣವೇ ಬದಲಾಗುತ್ತದೆ.

‘ಡುಒ’ ಎಂಬ ಪ್ಲೇಯನ್ನು ತೆಗೆದುಕೊಳ್ಳಿ, ಈ ತಂಡದ ದಿನದ ಅನ್ನ ಅದು. ಮುಂದಿನ ಸಾಲಿನವರು ಯಾರೂ ಜಾಗ ಬಿಟ್ಟು ಸುತ್ತಿ ಬರುವುದಿಲ್ಲ. ಇಬ್ಬಿಬ್ಬರು ಸೇರಿ ಎದುರಿನ ಒಬ್ಬೊಬ್ಬನನ್ನು ಹಿಂದಕ್ಕೆ ನೂಕುತ್ತಾರೆ. ಲೈನ್‌ಬ್ಯಾಕರ್‌ಗಳಿಗೆ ಆ ಕ್ಷಣಕ್ಕೆ ಯಾರೂ ಅಡ್ಡ ಇಲ್ಲ. ಅವರನ್ನು ಕಟ್ಟಿಹಾಕುವ ಕೆಲಸ ಓಟಗಾರನದೇ, ಅದೂ ಕಣ್ಣಿನಿಂದ. ಆತ ಚೆಂಡು ಹಿಡಿದು ಜೋಡಿಯ ಬೆನ್ನಿಗೆ ಒಂದೂವರೆ, ಎರಡು ಯಾರ್ಡ್ ಹತ್ತಿರದವರೆಗೆ ನೇರ ಹೋಗಬೇಕು, ನಡುವಿನ ಲೈನ್‌ಬ್ಯಾಕರ್ ಮೇಲೆ ನೋಟ ಇಟ್ಟು. ಆ ಲೈನ್‌ಬ್ಯಾಕರ್ ಒಳಗಿನ ಸಂದಿ ಮುಚ್ಚಲು ಇಳಿದರೆ ಓಟಗಾರ ಹೊರಕ್ಕೆ, ಆತ ಹೊರಕ್ಕೆ ಸರಿದರೆ ಇವನು ಒಳಕ್ಕೆ. ಅವಸರ ಮಾಡಿ ಎರಡನೇ ಹೆಜ್ಜೆಗೇ ತಿರುಗಿದರೆ ಲೈನ್‌ಬ್ಯಾಕರ್ ಇನ್ನೂ ನಿಂತಲ್ಲೇ ನಿಂತಿರುತ್ತಾನೆ, ತಿರುಗಿದ ಕಡೆಗೇ ಬಂದು ಬೀಳುತ್ತಾನೆ. ನೂಕುವ ಜೋಡಿಯಲ್ಲಿ ಒಬ್ಬ ಬಿಡಿಸಿಕೊಂಡು ಅವನ ಮೇಲೆ ಹೋಗಲು ಸಮಯವೂ ಸಿಗುವುದಿಲ್ಲ. ಸಂದಿಯವರೆಗೆ ನಿಧಾನ, ಸಂದಿಯಲ್ಲಿ ವೇಗ.

ಇಲ್ಲಿ ಕೋರಮ್ ಗಿಡ್ಡಗಿರುವುದೇ ಲಾಭ. ಆರೂವರೆ ಅಡಿಯ ಲೈನ್‌ಮನ್‌ಗಳ ಬೆನ್ನ ಹಿಂದೆ 5 ಅಡಿ 8 ಅಂಗುಲದವರು ಬಾಗಿ ನಿಂತರೆ ಲೈನ್‌ಬ್ಯಾಕರ್‌ಗೆ ಕಾಣುವುದೇ ತಡವಾಗಿ. ಭುಜ ತಗ್ಗಿರುವುದರಿಂದ ಪಕ್ಕದಿಂದ ಕೈಹಾಕಿದವರಿಗೆ ಹಿಡಿತ ಸಿಗುವುದಿಲ್ಲ. ಟಿವಿಯಲ್ಲಿ ನೋಡುವಾಗ ಚೆಂಡಿನ ಬದಲು ಅವರ ಮೊದಲ ಮೂರು ಹೆಜ್ಜೆ ನೋಡಿ: ಚಿಕ್ಕ ಚಿಕ್ಕವು, ಎರಡೂ ಪಾದ ಸೊಂಟದ ಕೆಳಗೇ ಇರುತ್ತವೆ, ಯಾವ ಕಡೆಗೂ ತಿರುಗಬಲ್ಲವು. ಎತ್ತರದ ಓಟಗಾರನ ಹೆಜ್ಜೆ ಉದ್ದ. ಒಂದು ಪಾದ ಮುಂದೆ ಚಾಚಿ ನೆಲಕ್ಕೆ ಊರಿದ ಮೇಲೆ ತಿರುಗಲು ಇನ್ನೊಂದು ಹೆಜ್ಜೆ ಬೇಕು. ಡುಒದಲ್ಲಿ ಆ ಒಂದು ಹೆಜ್ಜೆಗೆ ಎರಡು ಯಾರ್ಡ್ ಬೆಲೆ.

‘ಇನ್‌ಸೈಡ್ ಝೋನ್’ನಲ್ಲಿ ಇಡೀ ಸಾಲು ಒಂದೇ ಕಡೆಗೆ ಒತ್ತುತ್ತದೆ. ಓಟಗಾರ ಆ ಕಡೆಯ ಗಾರ್ಡ್‌ನ (ಸಾಲಿನ ನಡುವಿನ ಸೆಂಟರ್‌ನ ಪಕ್ಕದವನ) ಕಾಲಿಗೆ ಗುರಿಯಿಟ್ಟು ಹೊರಡುತ್ತಾನೆ. ಸೆಂಟರ್‌ನ ಆಚೆಗೆ ಸಿಗುವ ಮೊದಲ ಡಿಫೆನ್ಸ್ ಲೈನ್‌ಮನ್‌ನ ತಲೆ ಯಾವ ಕಡೆ ಇದೆ ಎಂದು ನೋಡಿ ನೇರ, ಹಿಂದಕ್ಕೆ ಬಾಗಿ ಅಥವಾ ಹೊರಕ್ಕೆ ಹೋಗುತ್ತಾನೆ. ಒಂದೇ ತಿರುವು. ಎರಡು ಸಲ ತಿರುಗಿದವನನ್ನು ಹಿಂದಿನಿಂದ ಬಂದವನು ಹಿಡಿಯುತ್ತಾನೆ.

‘ಪವರ್’ ಮತ್ತು ‘ಕೌಂಟರ್’ಗಳಲ್ಲಿ ಆಚೆ ಬದಿಯ ಗಾರ್ಡ್ ಜಾಗ ಬಿಟ್ಟು ಸಾಲಿನ ಹಿಂದಿನಿಂದ ಸುತ್ತಿ ಬರುತ್ತಾನೆ. ಕೌಂಟರ್ ಆದರೆ ಜೊತೆಗೆ ಇನ್ನೊಬ್ಬನೂ ಬರುತ್ತಾನೆ. ಓಟಗಾರ ಅವರ ಒಳಮಗ್ಗುಲಿಗೆ ಅಂಟಿಕೊಂಡು ಹೋಗಬೇಕು. ಇಲ್ಲಿ ಕೆಡುವುದು ಯಾವಾಗಲೂ ಒಂದೇ ರೀತಿ: ವೇಗದ ಓಟಗಾರ 300 ಪೌಂಡ್‌ನ ಗಾರ್ಡ್‌ನನ್ನು ಹಿಂದೆ ಹಾಕಿ ಮುಂದೆ ಹೋಗಿಬಿಡುತ್ತಾನೆ. ದಾರಿ ಮಾಡಬೇಕಾದವನು ಹಿಂದೆ, ದಾರಿ ಬೇಕಾದವನು ಮುಂದೆ. ಕೌಂಟರ್‌ನಲ್ಲಿ ಮೊದಲ ಹೆಜ್ಜೆ ವಿರುದ್ಧ ದಿಕ್ಕಿಗೆ ಇಡುವುದು ಎದುರಾಳಿಯನ್ನು ಏಮಾರಿಸಲು ಹೌದು, ಗಾರ್ಡ್‌ಗೆ ಸಮಯ ಕೊಡಲೂ ಹೌದು. ಹ್ಯಾಸ್ಕಿನ್ಸ್ ಬಗೆಯ ಓಟಗಾರನಿಗೆ ಈ ಪ್ಲೇ ಹೇಳಿಮಾಡಿಸಿದ್ದು. 2021ರ ನವೆಂಬರ್ 27ರಂದು ಒಹಾಯೊ ಸ್ಟೇಟ್ ವಿರುದ್ಧ 28 ಓಟ, 169 ಯಾರ್ಡ್, ಐದು ಟಚ್‌ಡೌನ್ ಬಂದದ್ದು ಇಂಥ ತಾಳ್ಮೆಯಿಂದ. ಸರಾಸರಿ 6, ಆದರೆ ಆ ಪಂದ್ಯದಲ್ಲಿ ಎದುರಾಳಿಗೆ ಉಸಿರು ಬಿಡಲು ಜಾಗ ಸಿಗಲಿಲ್ಲ. ಮಿಶಿಗನ್ 42-27ರಲ್ಲಿ ಗೆದ್ದಿತು.

ಹೊರಬದಿಯ ಪ್ಲೇಗಳಿಗೆ ಬಂದರೆ ಚಿತ್ರ ತಿರುಗುತ್ತದೆ. ‘ಪಿನ್ ಅಂಡ್ ಪುಲ್’ನಲ್ಲಿ ಒಳಗಿನ ಕೋನ ಸಿಕ್ಕವರು ಎದುರಿನವನನ್ನು ಅಲ್ಲೇ ಅದುಮುತ್ತಾರೆ, ಮುಂದೆ ಯಾರೂ ಇಲ್ಲದ ಲೈನ್‌ಮನ್‌ಗಳು ಹೊರಕ್ಕೆ ಓಡಿ ಬರುತ್ತಾರೆ. ಓಟಗಾರನಿಗೆ ಬೇಕಾದದ್ದು ಗೆರೆಯ ಅಂಚು ತಿರುಗುವ ವೇಗ, ತಿರುಗಿದ ಮೇಲೆ ಕೊನೆಯ ಸೇಫ್ಟಿಯನ್ನು (ಎಲ್ಲರಿಗಿಂತ ಹಿಂದೆ ಕಾಯುವವನನ್ನು) ಬಿಟ್ಟು ಹೋಗುವ ವೇಗ. ಇದಕ್ಕೆ ಎಡ್ವರ್ಡ್ಸ್. ಓಟ ತಡೆಯಲು ಎಂಟೊಂಬತ್ತು ಜನರನ್ನು ಮುಂದಕ್ಕೆ ತಂದು ನಿಲ್ಲಿಸಿದ ಎದುರಾಳಿಗೂ ಎಡ್ವರ್ಡ್ಸ್. ಆ ಮೊದಲ ಸಾಲು ದಾಟಿದರೆ ಹಿಂದೆ ಹಿಡಿಯಲು ಯಾರಿಲ್ಲ. ಕೊಲಂಬಸ್‌ನಲ್ಲಿ ಆದದ್ದು ಇದೇ.

2024ರ ಜನವರಿ 8ರಂದು ಹ್ಯೂಸ್ಟನ್‌ನಲ್ಲಿ ವಾಷಿಂಗ್ಟನ್ ವಿರುದ್ಧದ ರಾಷ್ಟ್ರೀಯ ಫೈನಲ್‌ನಲ್ಲಿ ಈ ಹಂಚಿಕೆ ಕನ್ನಡಿಯಲ್ಲಿ ಕಂಡಂತೆ ಕಾಣುತ್ತದೆ. ಎಡ್ವರ್ಡ್ಸ್ ಆರೇ ಓಟಕ್ಕೆ 104 ಯಾರ್ಡ್, ಅದರಲ್ಲಿ 41 ಮತ್ತು 46 ಯಾರ್ಡ್‌ನ ಎರಡು ಟಚ್‌ಡೌನ್, ಎರಡೂ ಮೊದಲ ಕ್ವಾರ್ಟರ್‌ನಲ್ಲಿ. ಕೋರಮ್ 21 ಓಟಕ್ಕೆ 134, ಎರಡು ಟಚ್‌ಡೌನ್, ಎರಡೂ ಕೊನೆಯ ಕ್ವಾರ್ಟರ್‌ನಲ್ಲಿ. ಬೀಗ ಒಡೆಯಲು ಒಬ್ಬರು, ಬಾಗಿಲು ಹಾಕಲು ಒಬ್ಬರು. ಪಂದ್ಯ 34-13.

ಒಂದೇ ಯಾರ್ಡ್ ಬಾಕಿ ಇದ್ದಾಗ

ಗೋಲ್ ಗೆರೆಯ ಹತ್ತಿರ ಮೈದಾನ ಚಿಕ್ಕದಾಗುತ್ತದೆ. ಹಿಂದೆ ಕಾಯಬೇಕಾದ ಜಾಗವೇ ಇಲ್ಲದ್ದರಿಂದ ಹನ್ನೊಂದೂ ಜನ ಮುಂದೆ ಬಂದು ನಿಲ್ಲುತ್ತಾರೆ. ಉದ್ದ ಓಡುವ ಶಕ್ತಿಗೆ ಇಲ್ಲಿ ಕಾಸಿನ ಬೆಲೆಯಿಲ್ಲ. ಬೇಕಾದದ್ದು ಮೂರು: ಮೊದಲ ಹೆಜ್ಜೆಯಿಂದಲೇ ಗೆರೆಯ ಕಡೆಗೆ ಭಾರ, ಹೊಡೆತ ಬಿದ್ದ ಮೇಲೂ ಆಡುವ ಕಾಲು, ಬಿಡದ ಚೆಂಡು.

2022ರ ಡಿಸೆಂಬರ್ 31ರ ಫಿಯೆಸ್ಟಾ ಬೌಲ್ ಸೆಮಿಫೈನಲ್‌ನಲ್ಲಿ ಕೋರಮ್ ಇರಲಿಲ್ಲ. ನವೆಂಬರ್ 19ರಂದು ಇಲಿನಾಯ್ ವಿರುದ್ಧ ಮೊಣಕಾಲಿಗೆ ಪೆಟ್ಟಾಗಿತ್ತು, ಕೊಲಂಬಸ್‌ನಲ್ಲಿ ಎರಡು ಓಟಕ್ಕೆ ಬಂದು ಕೂತವರು ಆ ವರ್ಷ ಮತ್ತೆ ಇಳಿಯಲಿಲ್ಲ. ಟಿಸಿಯು (ಟೆಕ್ಸಸ್ ಕ್ರಿಶ್ಚಿಯನ್ ವಿಶ್ವವಿದ್ಯಾಲಯ) ವಿರುದ್ಧ ಎಡ್ವರ್ಡ್ಸ್ ಮೊದಲ ಪ್ಲೇಯಲ್ಲೇ 54 ಯಾರ್ಡ್ ಓಡಿದರು. ಆದರೆ ಆ ದಾಳಿ ಎದುರಾಳಿಯ 2 ಯಾರ್ಡ್ ಗೆರೆಯಲ್ಲಿ ನಾಲ್ಕನೇ ಡೌನ್‌ಗೆ ಬಂದು ನಿಂತಾಗ ಮಿಶಿಗನ್ ನೇರ ಓಟ ಬಿಟ್ಟು ಚಮತ್ಕಾರದ ಪ್ಲೇ ಆಡಿತು, ಕೈಸುಟ್ಟುಕೊಂಡಿತು. ಆಮೇಲೆ ಇನ್ನೊಂದು ಸಲ ಒಂದು ಯಾರ್ಡ್ ಬಾಕಿ ಇದ್ದಾಗ ಚೆಂಡು ಮಲ್ಲಿಂಗ್ಸ್ ಕೈಗೆ ಹೋಯಿತು. ಕೈ ಬದಲಾಗುವಲ್ಲೇ ಜಾರಿ ಎಂಡ್ ಝೋನ್‌ನಲ್ಲಿ (ಗೋಲ್ ಗೆರೆಯ ಆಚೆಗಿನ ಜಾಗದಲ್ಲಿ) ಟಿಸಿಯು ಪಾಲಾಯಿತು. ಮಿಶಿಗನ್ ಸೋತದ್ದು 51-45ರಲ್ಲಿ, ಆರು ಅಂಕದಿಂದ. 991 ಯಾರ್ಡ್‌ನ ಓಟಗಾರ ಇದ್ದೂ ಒಂದು ಯಾರ್ಡ್‌ನ ಓಟಗಾರ ಇರಲಿಲ್ಲ.

ಕೈ ಬದಲಾಗುವ ಆ ಅರ್ಧ ಸೆಕೆಂಡ್ ಹೇಗಿರಬೇಕು ಎಂದು ನೋಡೋಣ, ಯಾಕೆಂದರೆ ಹೋಲಿಕೆಯಲ್ಲಿ ಯಾರೂ ಇದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಕ್ವಾರ್ಟರ್‌ಬ್ಯಾಕ್ ಕಡೆಯ ಮೊಣಕೈ ಎದೆಯ ಎತ್ತರಕ್ಕೆ ಮೇಲೆ, ಅಂಗೈ ಕೆಳಮುಖ. ಇನ್ನೊಂದು ಕೈ ಹೊಟ್ಟೆಯ ಕೆಳಗೆ, ಅಂಗೈ ಮೇಲ್ಮುಖ. ನಡುವೆ ಒಂದು ಜೇಬು. ಚೆಂಡನ್ನು ಆ ಜೇಬಿಗೆ ಇಡುವುದು ಕ್ವಾರ್ಟರ್‌ಬ್ಯಾಕ್ ಕೆಲಸ, ಓಟಗಾರ ಕೈಚಾಚಿ ಕಿತ್ತುಕೊಳ್ಳಬಾರದು. ಅವನ ಕಣ್ಣು ಚೆಂಡಿನ ಮೇಲಲ್ಲ, ಸಂದಿಯ ಮೇಲೆ. ಮೇಲಿನ ಮೊಣಕೈ ಕೆಳಗಿಳಿದಿದ್ದರೆ ಅಥವಾ ಜೇಬು ಬೇಗ ಮುಚ್ಚಿದರೆ ಚೆಂಡು ಮೊಣಕೈಗೆ ತಾಗಿ ಸಿಡಿಯುತ್ತದೆ. ಗೋಲ್ ಗೆರೆಯಲ್ಲಿ ಇದು ಹೆಚ್ಚು, ಯಾಕೆಂದರೆ ಎಲ್ಲರಿಗೂ ಅವಸರ.

ಹಿಡಿದ ಮೇಲೆ ಐದು ಕಡೆ ಒತ್ತಡ ಇರಬೇಕು: ಚೆಂಡಿನ ತುದಿಯ ಮೇಲೆ ಬೆರಳು, ಅಂಗೈ, ಮುಂಗೈ, ತೋಳು, ಪಕ್ಕೆಲುಬು. ಇದರಲ್ಲಿ ಮೊದಲು ಸಡಿಲವಾಗುವುದು ಪಕ್ಕೆಲುಬು. ಓಟಗಾರ ಓಡುವಾಗ ಚೆಂಡಿನ ಕೈ ಬೀಸುತ್ತಿದ್ದರೆ, ಚೆಂಡಿಗೂ ಮೈಗೂ ನಡುವೆ ಬೆಳಕು ಕಂಡರೆ, ಅವನು ಇವತ್ತಲ್ಲ ನಾಳೆ ಬೀಳಿಸುತ್ತಾನೆ. ಟಚ್‌ಡೌನ್‌ಗಾಗಿ ಮೂಲೆಯ ಪೈಲಾನ್ (ಗುರುತಿನ ಕಂಬ) ಕಡೆಗೆ ಚೆಂಡು ಚಾಚುವವನೂ ಅಷ್ಟೇ. ಚೆಂಡು ಜಾರಿ ಎಂಡ್ ಝೋನ್ ಮೂಲಕ ಹೊರಗೆ ಹೋದರೆ ಎದುರಾಳಿಗೆ ಅವರ 20 ಯಾರ್ಡ್ ಗೆರೆಯಲ್ಲಿ ಚೆಂಡು. ಮೊದಲ ಮೂರು ಡೌನ್‌ಗಳಲ್ಲಿ ಆ ಚಾಚುವಿಕೆ ಶುದ್ಧ ಹುಚ್ಚು.

ಕಾಲೇಜು ನಿಯಮದಲ್ಲಿ ಇನ್ನೊಂದು ಸೂಕ್ಷ್ಮವಿದೆ. ಕೈ, ಪಾದ ಬಿಟ್ಟು ಮೈಯ ಯಾವ ಭಾಗ ನೆಲಕ್ಕೆ ತಾಗಿದರೂ ಓಟ ಮುಗಿಯಿತು, ಯಾರೂ ಮುಟ್ಟದೆ ಜಾರಿ ಬಿದ್ದಿದ್ದರೂ ಸರಿ. ಆದ್ದರಿಂದ ಎಡವಿದಾಗ ಅಂಗೈ ಊರಿ ಮೊಣಕಾಲು ನೆಲಕ್ಕೆ ತಾಗದಂತೆ ಎದ್ದು ಹೋಗುವವನು ವರ್ಷಕ್ಕೆ ನೂರಾರು ಅಲ್ಲದಿದ್ದರೂ ಹತ್ತಾರು ಯಾರ್ಡ್ ಉಳಿಸುತ್ತಾನೆ.

ಈ ಕೆಲಸಕ್ಕೆ ನಾಲ್ವರಲ್ಲಿ ಯಾರು ಎಂದರೆ ಕೋರಮ್. ತೂಕದಲ್ಲಿ ಮಲ್ಲಿಂಗ್ಸ್ ಮುಂದೆ, ಆದರೆ 2023ರಲ್ಲಿ ಸುಮಾರು ಹತ್ತು ಓಟಕ್ಕೆ ಒಂದು ಟಚ್‌ಡೌನ್ ತಂದ ಓಟಗಾರನನ್ನು ಬಿಟ್ಟು ಭಾರ ನೋಡಿ ಆರಿಸುವುದು ಸಲ್ಲ. ವೃತ್ತಿಜೀವನದ 58 ಓಟದ ಟಚ್‌ಡೌನ್‌ಗಳಿಂದ ಅವರು ಆಂಟನಿ ಥಾಮಸ್ ಅವರ 55ರ ವಿಶ್ವವಿದ್ಯಾಲಯದ ದಾಖಲೆ ದಾಟಿದರು.

ಚೆಂಡು ಕೈಯಲ್ಲಿಲ್ಲದಾಗ

ಮೂರನೇ ಡೌನ್, ಎಂಟು ಬಾಕಿ. ಎಲ್ಲರಿಗೂ ಗೊತ್ತು ಪಾಸ್ ಎಂದು. ಆಗ ರನ್ನಿಂಗ್ ಬ್ಯಾಕ್ ಎರಡರಲ್ಲೊಂದು ಮಾಡಬೇಕು: ಕ್ವಾರ್ಟರ್‌ಬ್ಯಾಕ್‌ನನ್ನು ಕಾಯಬೇಕು, ಇಲ್ಲವೇ ಓಡಿ ಹೋಗಿ ಪಾಸ್ ಹಿಡಿಯಬೇಕು.

ಕಾಯುವುದರಲ್ಲಿ ನಿಯಮ ಒಳಗಿನಿಂದ ಹೊರಗೆ. ನಡುವಿನ ಸಂದಿಯಿಂದ ಬರುವವನಿಗೆ ದಾರಿ ಚಿಕ್ಕದು, ಅವನನ್ನು ಮೊದಲು ನೋಡು, ಆಮೇಲೆ ಅಂಚಿನವನು. ನಿಂತಲ್ಲೇ ಕಾದರೆ ಕೆಟ್ಟಿತು, ಬರುವವನಿಗೆ ವೇಗ ಕೂಡುತ್ತದೆ, ಕ್ವಾರ್ಟರ್‌ಬ್ಯಾಕ್‌ನ ಮಡಿಲಿಗೇ ಇಬ್ಬರೂ ಬೀಳುತ್ತಾರೆ. ಎರಡು ಹೆಜ್ಜೆ ಮುಂದೆ ಹೋಗಿ, ಮಂಡಿ ಬಾಗಿಸಿ, ಎರಡೂ ಅಂಗೈ ಅವನ ಎದೆಗೆ. ತಲೆ ತಗ್ಗಿಸಿದವನು ತಪ್ಪಿಸಿಕೊಳ್ಳುತ್ತಾನೆ. ಹೊಸದಾಗಿ ಬಂದ ಓಟಗಾರ ಎಷ್ಟೇ ವೇಗಿಯಾದರೂ ಮೊದಲ ವರ್ಷ ಬೆಂಚಿನಲ್ಲಿ ಕೂರುವುದಕ್ಕೆ ಎಷ್ಟೋ ಸಲ ಕಾರಣ ಇದೇ. ಪ್ರೇಕ್ಷಕರು ಮಾತ್ರ ಕೋಚ್‌ಗೆ ಬುದ್ಧಿ ಇಲ್ಲ ಅಂದುಕೊಳ್ಳುತ್ತಾರೆ.

ಹಿಡಿಯುವುದರಲ್ಲಿ ಎಡ್ವರ್ಡ್ಸ್‌ಗೆ ಸಾಟಿಯಿಲ್ಲ. 2021ರಲ್ಲಿ ಮೇರಿಲ್ಯಾಂಡ್ ವಿರುದ್ಧ ಒಂದೇ ಪಂದ್ಯದಲ್ಲಿ 10 ಪಾಸ್ ಹಿಡಿದು 170 ಯಾರ್ಡ್ ತಂದರು, ಆಗ ಅವರಿಗೆ ಮೊದಲ ವರ್ಷ. ಅವರೂ ಕೋರಮ್ಮೂ ಒಟ್ಟಿಗೆ ಮೈದಾನಕ್ಕಿಳಿದರೆ ಎದುರಾಳಿಗೆ ತಲೆನೋವು: ಎಡ್ವರ್ಡ್ಸ್‌ನನ್ನು ಲೈನ್‌ಬ್ಯಾಕರ್ ಕಾಯಬೇಕೋ ಸೇಫ್ಟಿಯೋ? ಸೇಫ್ಟಿ ಬಂದರೆ ಕೋರಮ್‌ಗೆ ಎದುರು ಒಬ್ಬ ಕಡಿಮೆ. ಆದರೂ 2024ರ ಜನವರಿ 1ರ ರೋಸ್ ಬೌಲ್‌ನಲ್ಲಿ ಅಲಬಾಮ ವಿರುದ್ಧ ಸಮ ಮಾಡಬೇಕಾದ ಕೊನೆಯ ದಾಳಿಯಲ್ಲಿ, ನಾಲ್ಕನೇ ಡೌನ್, ಎರಡು ಯಾರ್ಡ್ ಬಾಕಿ ಇದ್ದಾಗ ಕ್ವಾರ್ಟರ್‌ಬ್ಯಾಕ್ ಜೆ.ಜೆ. ಮೆಕಾರ್ಥಿ ಪಾಸ್ ಹಾಕಿದ್ದು ಕೋರಮ್‌ಗೆ. ಎಲ್ಲರೂ ಅವರ ಓಟಕ್ಕೆ ಕಾದಿದ್ದರು. ಹೆಚ್ಚುವರಿ ಅವಧಿಯಲ್ಲಿ 17 ಯಾರ್ಡ್‌ನ ಗೆಲುವಿನ ಓಟವೂ ಅವರದೇ, 27-20.

ಗಡಿಯಾರ ಕೊಲ್ಲುವಾಗ

2023ರ ನವೆಂಬರ್ 11ರಂದು ಪೆನ್ ಸ್ಟೇಟ್ ಅಂಗಳದಲ್ಲಿ ಮಿಶಿಗನ್ ಸತತ 32 ಪ್ಲೇ ಓಟವನ್ನೇ ಆಡಿ 24-15ರಲ್ಲಿ ಗೆದ್ದಿತು. ಮೆಕಾರ್ಥಿ ಇಡೀ ಪಂದ್ಯದಲ್ಲಿ ಎಸೆದದ್ದು ಎಂಟು ಪಾಸ್. ಎದುರಾಳಿಯ ಅಂಚಿನ ಆಟಗಾರರು ಕ್ವಾರ್ಟರ್‌ಬ್ಯಾಕ್‌ನನ್ನು ಬೇಟೆಯಾಡುವುದರಲ್ಲಿ ಪಳಗಿದವರು. ಪಾಸ್ ಹಾಕದಿದ್ದರೆ ಅವರ ಆ ಕಲೆಗೆ ಕೆಲಸವೇ ಇಲ್ಲ. ಕೋರಮ್ 26 ಓಟಕ್ಕೆ 145.

ಮುಂದಿರುವ ತಂಡಕ್ಕೆ ಈ ಹೊತ್ತಿನಲ್ಲಿ ಯಾರ್ಡ್‌ಗಿಂತ ಸೆಕೆಂಡ್ ಮುಖ್ಯ. ಎರಡು ಪ್ಲೇಗಳ ನಡುವೆ 40 ಸೆಕೆಂಡ್ ಸುಡಬಹುದು, ಓಟಗಾರ ಗೆರೆಯೊಳಗೆ ಬಿದ್ದರೆ. ಕೊನೆಯ ಎರಡು ನಿಮಿಷದಲ್ಲಿ ಹೊರಗೆ ಕಾಲಿಟ್ಟರೆ ಮುಂದಿನ ಸ್ನ್ಯಾಪ್‌ವರೆಗೆ (ಚೆಂಡು ಮತ್ತೆ ಆಟಕ್ಕಿಳಿಯುವವರೆಗೆ) ಗಡಿಯಾರ ನಿಲ್ಲುತ್ತದೆ. ಎಡಬಲಕ್ಕೆ ಓಡಿ ಏಳು ಯಾರ್ಡ್ ತಂದು ಹೊರಗೆ ಹೋದವನಿಗಿಂತ ನಡುವಿನಲ್ಲಿ ಮೂರು ತಂದು ಬಿದ್ದವನು ಮೇಲು. ಅಂಚಿಗೆ ಓಡುವ ಚಾಳಿ ಇರುವವರನ್ನು ಈ ಹೊತ್ತಿಗೆ ಕೂರಿಸುವುದೇ ಸರಿ.

ನೀವೇ ಲೆಕ್ಕ ಇಡುವುದಾದರೆ

ಆ್ಯನ್ ಆರ್ಬರ್‌ನ 1,07,601 ಆಸನಗಳ ಕ್ರೀಡಾಂಗಣದಲ್ಲಿ ಕೂತರೂ, ಮನೆಯ ಸೋಫಾದಲ್ಲಿ ಕೂತರೂ ಒಂದು ಹಾಳೆ ಸಾಕು. ಪ್ರತಿ ಓಟಕ್ಕೆ ಒಂದು ಸಾಲು: ಡೌನ್, ಬಾಕಿ, ಒಳಗೋ ಹೊರಗೋ, ಮೊದಲು ಮೈಗೆ ಕೈ ಬಿದ್ದದ್ದು ಎಲ್ಲಿ, ಒಟ್ಟು ಎಷ್ಟು, ಗೆದ್ದಿತೋ ಸೋತಿತೋ. ನಾಲ್ಕನೆಯ ಅಂಕಿಯೇ ಮುಖ್ಯ. ನಾಲ್ಕು ಯಾರ್ಡ್ ಆದ ಮೇಲೆ ಮೊದಲ ಕೈ ಬಿದ್ದು ಐದಕ್ಕೆ ಬಿದ್ದರೆ ಅದರಲ್ಲಿ ನಾಲ್ಕು ಲೈನ್‌ಮನ್‌ಗಳದ್ದು. ಗೆರೆಯ ಹಿಂದೆ ಒಂದು ಯಾರ್ಡ್‌ನಲ್ಲೇ ಸಿಕ್ಕಿಬಿದ್ದು ಮೂರಕ್ಕೆ ಎಳೆದುಕೊಂಡು ಹೋದರೆ ಆ ನಾಲ್ಕು ಓಟಗಾರನದು. ಹತ್ತು ಓಟ ನೋಡಿ ತೀರ್ಪು ಬೇಡ, ಐವತ್ತಾದರೂ ಆಗಲಿ. ದುರ್ಬಲ ತಂಡಗಳ ವಿರುದ್ಧದ ಸೆಪ್ಟೆಂಬರ್ ಪಂದ್ಯಗಳಿಗೆ ಬೇರೆ ಹಾಳೆ ಇಡಿ. ಮೂರನೇ ಕ್ವಾರ್ಟರ್‌ನಲ್ಲಿ 40 ಅಂಕ ಮುಂದಿರುವಾಗ ಬಂದ 60 ಯಾರ್ಡ್ ಓಟಕ್ಕೆ ತೂಕ ಕಡಿಮೆ.

ಈ ಹಾಳೆಯನ್ನು ವರ್ಷ ವರ್ಷ ಹೊಸದಾಗಿ ಬರೆಯಬೇಕು, ಯಾಕೆಂದರೆ ಓಟಗಾರರೂ ಬದಲಾಗುತ್ತಾರೆ. 2024ರ ಸೆಪ್ಟೆಂಬರ್ 21ರಂದು ಯುಎಸ್‌ಸಿ (ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ) ವಿರುದ್ಧ ಮಿಶಿಗನ್ ಇಡೀ ಪಂದ್ಯದಲ್ಲಿ ಪಾಸ್‌ನಿಂದ ತಂದದ್ದು 32 ಯಾರ್ಡ್. ಹಿಂದೆ ಬಿದ್ದಿದ್ದ ತಂಡ ಕೊನೆಯ ದಾಳಿಯನ್ನು ತನ್ನ 11 ಯಾರ್ಡ್ ಗೆರೆಯಿಂದ ಶುರುಮಾಡಿತು. ಮಲ್ಲಿಂಗ್ಸ್, ಫಿಯೆಸ್ಟಾ ಬೌಲ್‌ನಲ್ಲಿ ಗೋಲ್ ಗೆರೆಯಲ್ಲಿ ಚೆಂಡು ಜಾರಿಸಿಕೊಂಡ ಅದೇ ಮಲ್ಲಿಂಗ್ಸ್, ಮೊದಲು 63 ಯಾರ್ಡ್ ಓಡಿದರು. ಆಮೇಲೆ ನಾಲ್ಕನೇ ಡೌನ್, ಒಂದು ಯಾರ್ಡ್ ಬಾಕಿ, ಗಡಿಯಾರದಲ್ಲಿ ಒಂದು ನಿಮಿಷಕ್ಕಿಂತ ಕಡಿಮೆ. ಚೆಂಡು ಅವರಿಗೇ ಕೊಟ್ಟರು. ಒಳಗೆ ಬಿದ್ದಾಗ ಉಳಿದದ್ದು 37 ಸೆಕೆಂಡ್, ಅಂಕ 27-24. ಹಾಳೆಯಲ್ಲಿ ಅದು ಒಂದು ಸಾಲು: ನಾಲ್ಕನೇ ಡೌನ್, ಬಾಕಿ 1, ಒಟ್ಟು 1, ಗೆಲುವು.